ಪಾತ್ರಭೇದವೂ ರುಚಿಭೇದವೂ: ಶೀಸೆ ಮತ್ತು ಡಬ್ಬಿಯ ಬಿಯರನ್ನು ಕುರಿತ ಚಾರಿತ್ರಿಕ ವಿಚಾರ

ಬಿಯರೆಂಬ ಯವಮದ್ಯವು ಗಾಜಿನ ಶೀಸೆಯಲ್ಲಿದ್ದರೆ ರುಚಿಕರವೆಂದೂ, ತಗಡಿನ ಡಬ್ಬಿಯಲ್ಲಿದ್ದರೆ ಅದಕ್ಕೆ ಲೋಹದ ರುಚಿ ತಗಲುತ್ತದೆಂದೂ ಯೂರೋಪು ಅಮೆರಿಕ ಖಂಡಗಳಲ್ಲಿ ಬಹುಕಾಲದಿಂದ ಒಂದು ಜನಪ್ರವಾದವಿದೆ. ಒಳಗಿರುವ ದ್ರವ್ಯವೊಂದೇ, ಹೊರಗಿನ ಪಾತ್ರೆ ಮಾತ್ರ ಬೇರೆ. ಹೀಗಿರಲು ಆಧಾರದ ಭೇದದಿಂದ ಆಧೇಯದ ಗುಣದಲ್ಲಿ ಭೇದವುಂಟಾಗುವುದೆ, ಅಥವಾ ಆ ಭೇದವು ಕುಡಿಯುವವನ ಬುದ್ಧಿಯಲ್ಲಿ ಮಾತ್ರವೇ ಇರುವುದೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಮದ್ಯಪಾನದ ಮಾತು ವಿದ್ವದ್ಗೋಷ್ಠಿಗೆ ತಕ್ಕುದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಇಲ್ಲಿ ನಿರ್ಣಯವಾಗಬೇಕಾಗಿರುವುದು ಮದ್ಯದ ಗುಣದೋಷವಲ್ಲ, ನಾಲಗೆಯ ಸಾಕ್ಷ್ಯಕ್ಕಿರುವ ಪ್ರಾಮಾಣ್ಯ. ಅನ್ನಪಾನಗಳ ಚರಿತ್ರೆಯನ್ನು ಬರೆಯತಕ್ಕವರು, ಇದು ರುಚಿ ಇದು ಅರುಚಿ ಎಂದು ಹಿಂದಿನವರು ಹೇಳಿಟ್ಟ ಮಾತುಗಳನ್ನೇ ಆಧಾರವಾಗಿ ಹಿಡಿಯಬೇಕಾಗಿದೆ. ಆ ಮಾತುಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ಅಲ್ಪವಾದ ಪ್ರಶ್ನೆಯಲ್ಲ.

೧. ಪೀಪಾಯಿಯಿಂದ ಶೀಸೆಗೆ

ಪಾತ್ರೆಯು ರುಚಿಯನ್ನು ಕೆಡಿಸಬಲ್ಲದೆಂಬ ಅರಿವು ಹೊಸದಲ್ಲ. ಬಿಯರನ್ನು ಮರದ ಪೀಪಾಯಿಗಳಲ್ಲಿ ತುಂಬುತ್ತಿದ್ದ ಕಾಲದಲ್ಲಿ ಜರ್ಮನಿ ಬೊಹೀಮಿಯಗಳ ತಯಾರಕರು ಪೀಪಾಯಿಯ ಒಳಮೈಗೆ ಮರದ ರಾಳವನ್ನು ಕಾಯಿಸಿ ಬಳಿಯುತ್ತಿದ್ದರು. ಮರದ ಒಗರು ಬಿಯರಿಗೆ ಇಳಿಯಬಾರದು, ಮರದ ರಂಧ್ರಗಳಲ್ಲಿ ಹುಳಿಹಿಡಿಸುವ ಜೀವಾಣುಗಳು ನೆಲಸಬಾರದು ಎಂಬುದೇ ಇದರ ಉದ್ದೇಶ. ಪಾತ್ರೆಗೂ ಪಾನಕ್ಕೂ ನಡುವೆ ಒಂದು ಲೇಪವನ್ನಿಟ್ಟು ಎರಡನ್ನೂ ಬೇರ್ಪಡಿಸುವ ಈ ಉಪಾಯವು ಮುಂದೆ ಡಬ್ಬಿಯ ಪ್ರಸಂಗದಲ್ಲಿಯೂ ಕಂಡುಬರುವುದರಿಂದ ಇದನ್ನು ನೆನಪಿನಲ್ಲಿಡತಕ್ಕದ್ದು.

ಶೀಸೆಯ ಬಿಯರಿನ ಉತ್ಪತ್ತಿಯನ್ನು ಕುರಿತು ಇಂಗ್ಲೆಂಡಿನಲ್ಲಿ ಒಂದು ಕಥೆಯಿದೆ. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಮುಖ್ಯ ಪಾದ್ರಿಯಾಗಿದ್ದ ಅಲೆಕ್ಸಾಂಡರ್ ನೋವೆಲನು ಹಿಂದೊಮ್ಮೆ ಮೀನು ಹಿಡಿಯಲು ಹೋಗಿದ್ದಾಗ ಏಲ್ ಎಂಬ ಬಿಯರು ತುಂಬಿದ ಶೀಸೆಯನ್ನು ಹುಲ್ಲಿನಲ್ಲಿ ಮರೆತುಬಂದನಂತೆ. ಕೆಲವು ದಿನಗಳ ಮೇಲೆ ಅದನ್ನು ಕಂಡು ತೆರೆದಾಗ ಕೋವಿಯಂತೆ ಶಬ್ದವಾಯಿತಂತೆ. ಇದನ್ನು ಬರೆದಿಟ್ಟವನು ಥಾಮಸ್ ಫುಲ್ಲರ್. ನೋವೆಲನು ತೀರಿಕೊಂಡದ್ದು ೧೬೦೨ರಲ್ಲಿ. ಫುಲ್ಲರನ ಗ್ರಂಥವು ಹೊರಬಂದದ್ದು ೧೬೬೨ರಲ್ಲಿ. ಅರುವತ್ತು ವರ್ಷಗಳ ಅಂತರವಿರುವುದರಿಂದ ಇದನ್ನು ಐತಿಹ್ಯವೆಂದು ಗ್ರಹಿಸಬೇಕೇ ಹೊರತು ಪ್ರತ್ಯಕ್ಷಸಾಕ್ಷ್ಯವೆಂದಲ್ಲ. ಆದರೂ ಮುಚ್ಚಿದ ಶೀಸೆಯಲ್ಲಿ ಬಿಯರಿನ ಹುಳಿತ ಮುಂದುವರಿದು ಅನಿಲ ಕೂಡಿಕೊಳ್ಳುತ್ತದೆಂಬುದು ೧೬೬೨ರ ವೇಳೆಗೆ ಲೋಕಪ್ರಸಿದ್ಧವಾಗಿತ್ತೆಂಬಷ್ಟು ಇದರಿಂದ ಸಿದ್ಧವಾಗುತ್ತದೆ. ಅಂದರೆ ಶೀಸೆಯಿಂದ ಬಂದುದೆಂದು ಜನರು ಗುರುತಿಸಿದ ಈ ರುಚಿಭೇದವು ದೋಷವಲ್ಲ, ಗುಣವೇ ಆಗಿತ್ತು.

ಶೀಸೆಯು ಸಾಮಾನ್ಯರ ಕೈಗೆ ಬರಲು ಇನ್ನೂ ಬಹುಕಾಲ ಹಿಡಿಯಿತು. ಬ್ರಿಟನ್ನಿನಲ್ಲಿ ಗಾಜಿನ ಮೇಲಣ ಸುಂಕವು ೧೮೪೫ರಲ್ಲಿ ರದ್ದಾಯಿತು. ೧೮೯೨ರಲ್ಲಿ ಅಮೆರಿಕದ ಬಾಲ್ಟಿಮೋರಿನ ವಿಲಿಯಂ ಪೇಂಟರನು, ಅಂಚು ಮಡಿಸಿದ ತಗಡಿನ ಮುಚ್ಚಳದ ಒಳಗೆ ಬೆಂಡಿನ ತೆಳು ಬಿಲ್ಲೆಯನ್ನಿಟ್ಟು ಶೀಸೆಯ ಬಾಯನ್ನು ಬಿಗಿಯುವ ಉಪಾಯಕ್ಕೆ ಹಕ್ಕುಪತ್ರ ಪಡೆದನು. ಇಂದಿಗೂ ಬಳಕೆಯಲ್ಲಿರುವ ಕಿರೀಟಾಕೃತಿಯ ಮುಚ್ಚಳವು ಇದರಿಂದಲೇ ಬಂದುದು.

೨. ಗಾಜಿನ ದೋಷ

ಹೀಗೆ ಮಾನ್ಯವಾದ ಗಾಜಿಗೂ ಒಂದು ದೋಷವಿದ್ದಿತು. ಬೆಳಕಿಗೆ ಒಡ್ಡಿದ ಬಿಯರು ದುರ್ಗಂಧವನ್ನು ಪಡೆಯುತ್ತದೆಂದು ಜರ್ಮನಿಯ ಲಿಂಟ್ನರನು ೧೮೭೫ರಲ್ಲಿಯೇ ತಿಳಿಸಿದ್ದನು. ಇದರ ಕಾರಣವು ಇಪ್ಪತ್ತನೆಯ ಶತಮಾನದಲ್ಲಿ ಕ್ರಮವಾಗಿ ವಿಶದವಾಯಿತು. ೨೦೦೧ರಲ್ಲಿ ಅಮೆರಿಕದ ನಾರ್ತ್ ಕೆರೊಲಿನ ಮತ್ತು ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಅದರ ಪ್ರಕ್ರಿಯೆಯನ್ನು ಸವಿಸ್ತರವಾಗಿ ನಿರೂಪಿಸಿದರು. ಬಿಯರಿಗೆ ಕಹಿಯನ್ನು ಕೊಡುವುದು ಹಾಪ್ ಎಂಬ ಬಳ್ಳಿಯ ಹೂ. ಬಿಯರಿನಲ್ಲಿ ಸಹಜವಾಗಿರುವ ರಿಬೊಫ್ಲೇವಿನ್ ಬೆಳಕನ್ನು ಹೀರಿದಾಗ ಆ ಕಹಿದ್ರವ್ಯವು ಒಡೆದು ಗಂಧಕದೊಡನೆ ಕೂಡಿ ಹೊಸದೊಂದು ಪದಾರ್ಥವಾಗುತ್ತದೆ. ಅಮೆರಿಕದ ಸ್ಕಂಕ್ ಎಂಬ ಪ್ರಾಣಿಯು ಚಿಮ್ಮಿಸುವ ದ್ರವದ ನಾತಕ್ಕೆ ಇದರ ನಾತವನ್ನು ಹೋಲಿಸುತ್ತಾರೆ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೊಗ್ರಾಮುಗಳಷ್ಟಿದ್ದರೂ ಮೂಗು ಅದನ್ನು ಹಿಡಿಯಬಲ್ಲದು. ಕಂದುಬಣ್ಣದ ಗಾಜು ಈ ಹಾನಿಯನ್ನುಂಟುಮಾಡುವ ಕಿರಣಗಳಲ್ಲಿ ಹೆಚ್ಚಿನ ಭಾಗವನ್ನು ತಡೆಯುತ್ತದೆ. ಹಸುರು ಗಾಜು ಅಲ್ಪವಾಗಿ ತಡೆಯುತ್ತದೆ. ಬಣ್ಣವಿಲ್ಲದ ಗಾಜಿನಿಂದ ರಕ್ಷಣೆ ಇಲ್ಲವೆಂದೇ ಹೇಳಬಹುದು. ಇದಲ್ಲದೆ ಮುಚ್ಚಳದ ಸಂದಿನಿಂದ ಕಾಲಕ್ರಮದಲ್ಲಿ ಅಲ್ಪಾಂಶವಾದ ಗಾಳಿಯೂ ಒಳಸೇರುವುದುಂಟು. ಬೆಳಕನ್ನು ಪೂರ್ಣವಾಗಿಯೂ ಗಾಳಿಯನ್ನು ಬಹುಮಟ್ಟಿಗೂ ತಡೆಯುವುದು ಜನರು ಶಂಕಿಸುವ ಆ ಡಬ್ಬಿಯೇ ಎಂಬುದು ಗಮನಾರ್ಹವಾಗಿದೆ.

೩. ಡಬ್ಬಿಯ ದೋಷ

ಹಾಗಾದರೆ ಡಬ್ಬಿಗೆ ಅಪವಾದವೇಕೆ ಬಂದಿತು? ಅಪವಾದವು ನಿರ್ಮೂಲವಾಗಿರಲಿಲ್ಲ. ಬಿಯರು ಆಮ್ಲಗುಣವುಳ್ಳದ್ದು, ಬರಿಯ ಕಬ್ಬಿಣವನ್ನು ಸೋಕಿದರೆ ಅದಕ್ಕೆ ಲೋಹದ ರುಚಿ ಬರುತ್ತದೆ, ತಿಳಿಯೂ ಕದಡುತ್ತದೆ. ಅಮೆರಿಕದಲ್ಲಿ ೧೯೨೦ರಿಂದ ನಡೆದ ಪಾನನಿರೋಧವು ೧೯೩೩ರಲ್ಲಿ ಮುಗಿಯುವ ವೇಳೆಗೆ ಅಮೆರಿಕನ್ ಕ್ಯಾನ್ ಕಂಪೆನಿಯು ಡಬ್ಬಿಯ ಒಳಮೈಗೆ ಲೇಪವನ್ನು ಕೊಡುವ ಕ್ರಮವನ್ನು ಸಾಧಿಸುತ್ತಿದ್ದಿತು. ರಾಳ ಬಳಿದ ಪೀಪಾಯಿಯನ್ನು ನೆನಪಿಗೆ ತರುವಂತೆ ಆ ಲೇಪಕ್ಕೆ ಕೆಗ್‌ಲೈನ್ಡ್ ಎಂಬ ಹೆಸರನ್ನಿಟ್ಟರು. ಕೆಗ್ ಎಂದರೆ ಸಣ್ಣ ಪೀಪಾಯಿ. ನ್ಯೂಜೆರ್ಸಿ ಸಂಸ್ಥಾನದ ನೆವಾರ್ಕಿನ ಕ್ರೂಗರ್ ಸಂಸ್ಥೆಯು ಮೊದಲು ೨೦೦೦ ಡಬ್ಬಿಗಳನ್ನು ತನ್ನ ಗಿರಾಕಿಗಳಿಗೆ ಕೊಟ್ಟು ಅಭಿಪ್ರಾಯ ಕೇಳಿತು. ಅನುಕೂಲವಾದ ಉತ್ತರ ಬಂದ ಮೇಲೆ ೧೯೩೫ನೆಯ ಜನವರಿ ೨೪ರಂದು ವರ್ಜೀನಿಯದ ರಿಚ್‌ಮಂಡ್ ನಗರದಲ್ಲಿ ಡಬ್ಬಿಯ ಬಿಯರನ್ನು ಮಾರಾಟಕ್ಕಿಟ್ಟಿತು. ಪ್ರಯತ್ನ ಕೆಟ್ಟರೂ ತವರಿನಲ್ಲಿ ಹೆಸರು ಕೆಡದಿರಲೆಂದು ದೂರದ ಊರನ್ನು ಆರಿಸಿದರೆಂದು ಹೇಳುತ್ತಾರೆ. ತಯಾರಕರಿಗೇ ಸಂದೇಹವಿದ್ದುದು ಇದರಿಂದ ವ್ಯಕ್ತಪಡುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ತವರದ ತಗಡಿನ ಕೈಗಾರಿಕೆಗೆ ಪ್ರಸಿದ್ಧವಾದ ವೇಲ್ಸಿನ ಲನೆಲ್ಲಿಯ ಸಮೀಪದ ಫೆಲಿನ್‌ವೊಯೆಲ್ ಸಂಸ್ಥೆಯೂ ಡಬ್ಬಿಯನ್ನು ಕೈಕೊಂಡಿತು.

ಆ ಕಾಲದ ಡಬ್ಬಿಯು ತವರ ಲೇಪಿಸಿದ ಉಕ್ಕಿನ ತಗಡು. ಲೇಪವೆಲ್ಲಿ ಬಿರಿದರೂ ಲೋಹವು ಬಿಯರಿಗೆ ಸೋಂಕುವ ಸಂಭವವಿದ್ದಿತು. ೧೯೫೯ರಲ್ಲಿ ಕೊಲರಾಡೊ ಸಂಸ್ಥಾನದ ಕೂರ್ಸ್ ಸಂಸ್ಥೆಯು ಅಲ್ಯುಮಿನಿಯಮ್ ಡಬ್ಬಿಯನ್ನು ಬಳಕೆಗೆ ತಂದಿತು. ಮುಂದೆ ಅದೇ ಸರ್ವತ್ರ ಹರಡಿತು, ಒಳಲೇಪಗಳೂ ಉತ್ತಮವಾದುವು. ಇಂದಿನ ಡಬ್ಬಿಯಲ್ಲಿ ಬಿಯರು ಮುಟ್ಟುವುದು ಲೋಹವನ್ನಲ್ಲ, ಲೇಪವನ್ನು. ಕಾರಣವು ಹೋಯಿತು, ಕಾರ್ಯವೆಂದು ಹೇಳುತ್ತಿದ್ದ ಲೋಹದ ರುಚಿಯ ಮಾತು ಮಾತ್ರ ನಿಂತಿತು.

೪. ಪರೀಕ್ಷೆ

ಈ ಮಾತಿನ ಸತ್ಯಾಸತ್ಯವನ್ನು ೨೦೧೬ರಲ್ಲಿ ಎಡಿನ್‌ಬರೋ ನಗರದ ವಿಜ್ಞಾನೋತ್ಸವದಲ್ಲಿ ಬಾರ್ನೆಟ್, ವೆಲಾಸ್ಕೊ, ಸ್ಪೆನ್ಸ್ ಎಂಬ ವಿದ್ವಾಂಸರು ಪರೀಕ್ಷಿಸಿದರು. ಒಂದೇ ಸಲ ತಯಾರಿಸಿದ ಬಿಯರನ್ನು ಶೀಸೆಯಿಂದ ಕೆಲವರಿಗೂ ಡಬ್ಬಿಯಿಂದ ಕೆಲವರಿಗೂ, ಒಟ್ಟು ೧೫೧ ಜನಕ್ಕೆ, ಪ್ಲಾಸ್ಟಿಕ್ ಲೋಟಗಳಲ್ಲಿ ಬಗ್ಗಿಸಿಕೊಟ್ಟರು. ಶೀಸೆಯನ್ನೋ ಡಬ್ಬಿಯನ್ನೋ ಕೈಗೆತ್ತಿಕೊಂಡು ನೋಡಲು ಅವರಿಗೆ ಹೇಳಿದ್ದರು. ಶೀಸೆಯನ್ನು ಕಂಡವರು ತಮ್ಮ ಬಿಯರನ್ನು ಹೆಚ್ಚು ರುಚಿಯೆಂದು ಎಣಿಸಿದರು. ಬಳಿಕ ಬೇರೆ ೨೯ ಜನಕ್ಕೆ ಪಾತ್ರೆಯನ್ನು ತೋರಿಸದೆ ಎರಡನ್ನೂ ಕೊಟ್ಟಾಗ ಯಾವುದೊಂದರ ಕಡೆಗೂ ಸ್ಥಿರವಾದ ಒಲವು ಕಾಣಲಿಲ್ಲ. ತುಟಿಗೆ ತಗಲಿದ್ದು ಎಲ್ಲರಿಗೂ ಒಂದೇ ಬಗೆಯ ಲೋಟವಾದುದರಿಂದ ಡಬ್ಬಿಯ ಅಂಚಿನ ಸ್ಪರ್ಶವೂ ಇಲ್ಲಿ ಕಾರಣವಲ್ಲ.

ಇಷ್ಟರಿಂದಲೇ ಪಾತ್ರಭೇದವು ನಿಷ್ಫಲವೆಂದು ಸಿದ್ಧಾಂತಮಾಡುವುದು ಅವಸರವಾದೀತು. ೨೯ ಜನರ ಸಂಖ್ಯೆ ಅಲ್ಪ. ಬಿಯರೂ ಒಂದೇ ತಯಾರಕರದು. ೨೦೨೩ರಲ್ಲಿ ಪ್ರಕಟವಾದ ಕೊಲರಾಡೊ ಸಂಸ್ಥಾನ ವಿಶ್ವವಿದ್ಯಾನಿಲಯದ ಸಂಶೋಧನೆಯಲ್ಲಿ ಎರಡು ಜಾತಿಯ ಬಿಯರುಗಳನ್ನು ಶೀಸೆ ಡಬ್ಬಿಗಳೆರಡರಲ್ಲಿಯೂ ತುಂಬಿ, ಒಂದು ತಿಂಗಳು ತಂಪಿನಲ್ಲಿಯೂ ಐದು ತಿಂಗಳು ಸಾಮಾನ್ಯವಾದ ಶಾಖದಲ್ಲಿಯೂ ಇಟ್ಟು ರಾಸಾಯನಿಕವಾಗಿ ಪರೀಕ್ಷಿಸಿದರು. ಆಂಬರ್ ಏಲ್ ಎಂಬ ಜಾತಿಯು ಶೀಸೆಯಲ್ಲಿ ಹೆಚ್ಚು ಸ್ಥಿರವಾಗಿದ್ದಿತು. ಹಾಪ್ ಹೂವನ್ನು ಯಥೇಷ್ಟವಾಗಿ ಹಾಕಿದ ಇಂಡಿಯ ಪೇಲ್ ಏಲ್ ಎಂಬ ಜಾತಿಯಲ್ಲಿ ಗಣನೀಯವಾದ ಭೇದ ಕಾಣಲಿಲ್ಲ. ಆದುದರಿಂದ ಪಾತ್ರೆಯಿಂದ ಭೇದವುಂಟು. ಆದರೆ ಅದು ಬಿಯರಿನ ಜಾತಿಯನ್ನೂ ಇಟ್ಟ ಕಾಲವನ್ನೂ ಅನುಸರಿಸತಕ್ಕದ್ದು. ಜನಪ್ರವಾದವು ಹೇಳುವ ಲೋಹದ ರುಚಿಯು ಈ ಭೇದಕ್ಕಿಂತ ಬೇರೆ.

೫. ನಿರ್ಣಯ

ಪಿತ್ತದೋಷವುಳ್ಳವನಿಗೆ ಬೆಲ್ಲವು ಕಹಿಯಾಗುವುದೆಂಬ ದೃಷ್ಟಾಂತವು ಶಾಸ್ತ್ರಗಳಲ್ಲಿ ಪ್ರಸಿದ್ಧವಾಗಿದೆ. ಎಡಿನ್‌ಬರೋವಿನ ಪ್ರಸಂಗಕ್ಕೆ ಅದು ಪೂರ್ತಿಯಾಗಿ ಹೊಂದುವುದಿಲ್ಲ. ಅಲ್ಲಿ ದೋಷವು ಇಂದ್ರಿಯದಲ್ಲಿರುತ್ತದೆ, ಇಲ್ಲಿ ನಾಲಗೆಯು ನಿರ್ದುಷ್ಟವಾಗಿಯೇ ಇದೆ. ಇದಕ್ಕೆ ಹತ್ತಿರವಾದುದು ಶುಕ್ತಿರಜತದ ದೃಷ್ಟಾಂತ. ಬೇರೆಡೆಯಲ್ಲಿ ಬೆಳ್ಳಿಯನ್ನು ಕಂಡವನಿಗೇ ಚಿಪ್ಪಿನಲ್ಲಿ ಬೆಳ್ಳಿ ತೋರುವುದೆಂದು ನೈಯಾಯಿಕರು ಹೇಳುತ್ತಾರೆ. ಹಾಗೆಯೇ ಹಿಂದೆಂದೋ ಅನುಭವಿಸಿದ ಅಥವಾ ಕೇಳಿದ ಲೋಹದ ರುಚಿಯ ಸಂಸ್ಕಾರವು, ಡಬ್ಬಿಯನ್ನು ಕಂಡೊಡನೆ ಎಚ್ಚತ್ತು ನಿರ್ದೋಷವಾದ ಬಿಯರಿನ ಮೇಲೆ ಆರೋಪಿತವಾಗುತ್ತದೆ. ಚಿಪ್ಪಿನ ಬೆಳ್ಳಿ ಸುಳ್ಳಾದರೂ ಎಲ್ಲಿಯೋ ಬೆಳ್ಳಿ ಇದ್ದುದು ಸುಳ್ಳಲ್ಲ; ಡಬ್ಬಿಗೆ ಒಂದು ಕಾಲದಲ್ಲಿ ದೋಷವಿದ್ದುದೂ ಸುಳ್ಳಲ್ಲ.

ಚರಿತ್ರಕಾರನು ಇದರಿಂದ ಗ್ರಹಿಸಬೇಕಾದ ಅಂಶ ಒಂದಿದೆ. ಡಬ್ಬಿಯ ಬಿಯರಿಗೆ ಲೋಹದ ರುಚಿಯಿದೆಯೆಂಬ ವಾಕ್ಯವನ್ನು ೧೯೩೫ರಲ್ಲಿ ಹೇಳಿದವನೂ ೨೦೧೬ರಲ್ಲಿ ಹೇಳಿದವನೂ ಪ್ರಾಮಾಣಿಕರಾಗಿರಬಹುದು. ಆದರೂ ಮೊದಲನೆಯದು ಡಬ್ಬಿಯ ವಿಷಯದಲ್ಲಿ ಸಾಕ್ಷ್ಯವಾಗಬಲ್ಲದು, ಎರಡನೆಯದು ಹೆಚ್ಚಾಗಿ ಹೇಳಿದವನ ವಿಷಯದಲ್ಲಿಯೇ ಸಾಕ್ಷ್ಯ. ವಾಕ್ಯವು ಬದಲಾಗದಿದ್ದರೂ ಅದರ ಪ್ರಾಮಾಣ್ಯವು ಬದಲಾಗುತ್ತದೆ. ರುಚಿಯನ್ನು ಕುರಿತ ಹಳೆಯ ಮಾತುಗಳನ್ನು ಎತ್ತಿ ಬರೆಯುವಾಗ ಆ ಮಾತನ್ನಾಡಿದವನ ಕಾಲವನ್ನೂ ಅವನ ಕೈಯಲ್ಲಿದ್ದ ಪಾತ್ರೆಯನ್ನೂ ಜೊತೆಯಲ್ಲಿಯೇ ವಿಚಾರಿಸುವುದು ಯುಕ್ತವಾಗಿದೆ.