ಹಂಚಿಕೊಂಡರೆ ಉಳಿಯುವ ಅಕ್ಷರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಡಿಟಿಪಿ ಅಂಗಡಿಗಳಲ್ಲಿ ಅರ್ಜಿ, ಲಗ್ನಪತ್ರಿಕೆ ಮಾಡಿಸುವ ನಾವು, ಕಂಪ್ಯೂಟರಿಗೆ ಕನ್ನಡ ಹೇಗೆ ಬಂತೆಂದು ಕೇಳುವುದು ಅಪರೂಪ.

1975ರ ಮಾರ್ಚ್ 5ರಂದು ಅಮೆರಿಕದ ಮೆನ್ಲೋ ಪಾರ್ಕ್‌ನ ಗ್ಯಾರೇಜೊಂದರಲ್ಲಿ ಕೆಲವು ಹವ್ಯಾಸಿಗಳು ಸೇರಿ ‘ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್’ ಆರಂಭಿಸಿದರು. ಕಲಿತದ್ದನ್ನು ಬಚ್ಚಿಡದೆ ಹೇಳಿಕೊಡುವುದು ಅಲ್ಲಿನ ರೀತಿ. ಸ್ಟೀವ್ ವೋಜ್ನಿಯಾಕ್ ತಮ್ಮ ಕಂಪ್ಯೂಟರಿನ ನಕ್ಷೆಯನ್ನೇ ಅಲ್ಲಿ ಹಂಚಿದರು. 1976ರಲ್ಲಿ ಅದು ‘ಆ್ಯಪಲ್-1’ ಆಗಿ ಮಾರಾಟಕ್ಕೆ ಬಂತು. 1986ರಲ್ಲಿ ಕ್ಲಬ್ ನಿಂತುಹೋಯಿತು, ಆ ರೀತಿ ಮಾತ್ರ ನಿಲ್ಲಲಿಲ್ಲ.

ಕನ್ನಡಕ್ಕೂ ಅದರಿಂದಲೇ ಬಲ ಬಂತು. ಕೆ.ಪಿ. ರಾವ್ ತಾವು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಸ್ವಯಂಸೇವಕರೇ ಬೆಳೆಸುತ್ತಿದ್ದಾರೆ.

ಆದರೆ ಹಳೆಯ ಫಾಂಟುಗಳ ಸಂಕೇತ ಒಂದೊಂದಕ್ಕೆ ಒಂದೊಂದು ಬಗೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಬರೆದದ್ದೆಲ್ಲ ಅರ್ಥವಿಲ್ಲದ ಗುರುತುಗಳು. ಇದಕ್ಕೆ ಪರಿಹಾರ ಯೂನಿಕೋಡ್.

ಸೇಡಂ ತಾಲೂಕಿನ ಮಳಖೇಡವನ್ನಾಳಿದ ರಾಷ್ಟ್ರಕೂಟರ ಕಾಲದ ‘ಕವಿರಾಜಮಾರ್ಗ’ ನಮಗೆ ದಕ್ಕಿದ್ದು, ಹೆಸರು ಬಯಸದ ಲಿಪಿಕಾರರು ತಾಳೆಗರಿಯಿಂದ ತಾಳೆಗರಿಗೆ ನಕಲು ಮಾಡಿದ್ದರಿಂದ. ನಮ್ಮ ಹಳೆಯ ಕಡತಗಳನ್ನು ಯೂನಿಕೋಡಿಗೆ ತಂದಿಡುವುದೂ ಅಂಥದೇ ಕೆಲಸ. ಬಲ್ಲವರು ಪಕ್ಕದವರಿಗೆ ಕಲಿಸಿದರೆ ಸಾಕು, ಅಲ್ಲೊಂದು ಕೂಟ ಹುಟ್ಟುತ್ತದೆ.