ಮುಖ ನೋಡಿ ಹಾಕಿದ ಮಣೆ

ಚೆನ್ನೈನಲ್ಲಿರುವವರಿಗೆ ಪರಂಗಿಮಲೈ ಗೊತ್ತಿರುತ್ತದೆ. ವಿಮಾನ ನಿಲ್ದಾಣದ ಪಕ್ಕದ ಗುಡ್ಡ, ಇಂಗ್ಲಿಷಿನಲ್ಲಿ ಸೇಂಟ್ ಥಾಮಸ್ ಮೌಂಟ್. 1802ರ ಏಪ್ರಿಲ್ 10ರಂದು, ಮದರಾಸಿನ ಬಿಸಿಲು ಏರುತ್ತಿದ್ದ ಕಾಲದಲ್ಲೇ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಇದರ ಹತ್ತಿರದ ಬಯಲಿನಲ್ಲಿ ನೂರು ಅಡಿಯ ಉಕ್ಕಿನ ಸರಪಳಿ ಹಾಸಿ ನೆಲ ಅಳೆಯತೊಡಗಿದ. ಸುಮಾರು ಏಳೂವರೆ ಮೈಲಿಯ ಒಂದು ನೇರ ಗೆರೆ, ಅಷ್ಟೇ. ಆದರೆ ಒಂದು ಗೆರೆಯ ಉದ್ದ ಖಚಿತವಾಗಿ ಗೊತ್ತಿದ್ದರೆ, ಅದರ ಎರಡು ತುದಿಗಳಲ್ಲಿ ನಿಂತು ದೂರದ ಒಂದು ಗುಡ್ಡದ ಕಡೆಗೆ ಕೋನ ಅಳೆದು, ಮಿಕ್ಕ ಎರಡು ಬದಿಗಳನ್ನು ಲೆಕ್ಕದಲ್ಲೇ ತೆಗೆಯಬಹುದು. ಹಾಗೆ ಸಿಕ್ಕ ಬದಿಯ ಮೇಲೆ ಇನ್ನೊಂದು ತ್ರಿಕೋನ, ಅದರ ಮೇಲೆ ಮತ್ತೊಂದು. ಹೀಗೆ ಹೊರಟ ತ್ರಿಕೋನಗಳ ಸಾಲು ದಶಕಗಳ ನಂತರ ಹಿಮಾಲಯದ ಬುಡ ಮುಟ್ಟಿತು.

ಈ ಕೆಲಸ ನಡೆಯುತ್ತಿದ್ದಾಗ ಮದರಾಸಿನಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬರು ಕೇಳಿದ್ದರಂತೆ: ಯಾರಿಗಾದರೂ ಶ್ರೀರಂಗಪಟ್ಟಣಕ್ಕೆ ಹೋಗಬೇಕಿದ್ದರೆ ಮೇನೆ ಹೊರುವ ಬೋಯಿಗಳ ಮುಖ್ಯಸ್ಥನಿಗೆ ಹೇಳಿದರೆ ಸಾಲದೇ, ಲ್ಯಾಂಬ್ಟನ್ನನ ನಕ್ಷೆ ಯಾಕೆ?

ಮೂರ್ಖ ಪ್ರಶ್ನೆಯಲ್ಲ. ಬೋಯಿಗೆ ದಾರಿ ನಿಜಕ್ಕೂ ಗೊತ್ತಿತ್ತು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಹೀಗೆ ಯೋಚಿಸುವವರೇ ತುಂಬಿದ್ದ ಒಂದು ವ್ಯಾಪಾರಿ ಕಂಪನಿಯ ಕಚೇರಿಯಲ್ಲಿ, ಲಾಭದ ಲೆಕ್ಕಕ್ಕೆ ಸಿಗದ, ಯಾವಾಗ ಮುಗಿಯುತ್ತದೆಂದು ಹೇಳಲಾಗದ ಇಂಥ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದಾದರೂ ಹೇಗೆ?

ಲ್ಯಾಂಬ್ಟನ್ ಮಾತುಗಾರನಂತೂ ಅಲ್ಲ. ಯಾರ್ಕ್‌ಶೈರಿನ ಸಾಮಾನ್ಯ ಮನೆತನದವನು, ಸಂಕೋಚದ ಸ್ವಭಾವ. ಅಮೆರಿಕದ ಯುದ್ಧಕ್ಕೆ ಹೋದವನು ಅಲ್ಲೇ ಕೆನಡಾದ ಒಂದು ಮೂಲೆಯಲ್ಲಿ ಹದಿಮೂರು ವರ್ಷ ಸೈನ್ಯದ ವಸತಿ ನೋಡಿಕೊಳ್ಳುವ ಹುದ್ದೆಯಲ್ಲಿ ಕುಳಿತು ಗಣಿತ ಓದಿದ. ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿ ಕೆಡಿಸಿಕೊಂಡಿದ್ದ. ಭಾರತಕ್ಕೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಅವನು ಸೇರಿದ 33ನೇ ರೆಜಿಮೆಂಟಿನ ಕರ್ನಲ್ ಅವನಿಗಿಂತ ಹತ್ತಾರು ವರ್ಷ ಚಿಕ್ಕವನಾದ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಅವನೇ. 1798ರಲ್ಲಿ ಆ ರೆಜಿಮೆಂಟು ಕಲ್ಕತ್ತೆಯಿಂದ ಮದರಾಸಿಗೆ ಬಂದಾಗ ಲ್ಯಾಂಬ್ಟನ್ನನೂ ಜೊತೆಗಿದ್ದ. ಗುರಿ ಟಿಪ್ಪುವಿನ ಮೈಸೂರು.

ಮುಂದಿನ ವರ್ಷದ ಏಪ್ರಿಲ್ 4ರ ರಾತ್ರಿ, ಶ್ರೀರಂಗಪಟ್ಟಣದ ಹತ್ತಿರ. ಜನರಲ್ ಡೇವಿಡ್ ಬೇರ್ಡ್ ಒಂದು ತುಕಡಿಯನ್ನು ಕರೆದುಕೊಂಡು ಸುಲ್ತಾನ್‌ಪೇಟೆಯ ತೋಪನ್ನು ಜಾಲಾಡಿ ವಾಪಸು ಬರುತ್ತಿದ್ದ. ಅವನ ಜೊತೆಯಲ್ಲಿ ಲ್ಯಾಂಬ್ಟನ್. ಕಗ್ಗತ್ತಲು. ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ ನಡೆಯುತ್ತಿದ್ದೇವೆ, ನಕ್ಷತ್ರ ಹಾಗೆ ಹೇಳುತ್ತಿದೆ ಎಂದ ಲ್ಯಾಂಬ್ಟನ್. ಅಂದರೆ ಸೀದಾ ಟಿಪ್ಪುವಿನ ಪಾಳೆಯದ ಕಡೆಗೆ. ದಾರಿ ತಿಳಿಯಲು ನನಗೆ ನಕ್ಷತ್ರ ಬೇಕಿಲ್ಲ ಎಂಬರ್ಥದ ಉತ್ತರ ಬೇರ್ಡ್‌ನಿಂದ ಬಂತು. ಸ್ವಲ್ಪ ಹೊತ್ತಿನಲ್ಲಿ ತುಕಡಿ ಹೋಗಿ ಟಿಪ್ಪುವಿನ ಕಾವಲಿನವರ ಮೇಲೇ ಬಿತ್ತು. ಆಮೇಲೆ ದೀಪ ಹಚ್ಚಿ ದಿಕ್ಸೂಚಿ ತೆಗೆದು ನೋಡಿದರೆ ನಕ್ಷತ್ರವೇ ಸರಿ.

ಮರುರಾತ್ರಿ ಅದೇ ತೋಪಿಗೆ ನುಗ್ಗಿದವನು ವೆಲ್ಲೆಸ್ಲಿ. ಕತ್ತಲಲ್ಲಿ ದಿಕ್ಕು ತಪ್ಪಿ, ಹನ್ನೆರಡು ಜನ ಸೈನಿಕರು ಸೆರೆಸಿಕ್ಕು, ಅವಮಾನದಿಂದ ಹಿಂದಿರುಗಿದ. ಅವನು ಆ ರಾತ್ರಿಯನ್ನು ಕೊನೆಯವರೆಗೂ ಮರೆಯಲಿಲ್ಲ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಆ ವರ್ಷವೇ ಲ್ಯಾಂಬ್ಟನ್ ತನ್ನ ಯೋಜನೆ ಬರೆದ. ಮೈಸೂರಿನಲ್ಲಿ ಶುರುಮಾಡಿ ಕೋರಮಂಡಲ ಕರಾವಳಿಗೂ ಮಲಬಾರ್ ಕರಾವಳಿಗೂ ತ್ರಿಕೋನಗಳ ಸೇತುವೆ ಕಟ್ಟುವುದು. ಕಾಗದದಲ್ಲಿ ಎದ್ದು ಕಂಡದ್ದು ಉಪಯೋಗದ ಮಾತು: ಗೆದ್ದ ನಾಡಿಗೆ ನೆಚ್ಚಬಹುದಾದ ನಕ್ಷೆ. ಅವನ ಮನಸ್ಸಿನಲ್ಲಿದ್ದದ್ದು ಭೂಮಿ ಎಷ್ಟರಮಟ್ಟಿಗೆ ದುಂಡಗಿದೆ ಎಂಬ ಪ್ರಶ್ನೆ. ಭೂಮಧ್ಯರೇಖೆಗೆ ಹತ್ತಿರದ ನಾಡಿನಲ್ಲಿ ಅಕ್ಷಾಂಶದ ಒಂದು ಡಿಗ್ರಿ ನೆಲದ ಮೇಲೆ ಎಷ್ಟು ಉದ್ದ ಎಂದು ಅಳೆಯುವ ಆಸೆ. ಕಾಗದವನ್ನು ವೆಲ್ಲೆಸ್ಲಿ ತನ್ನ ಶಿಫಾರಸಿನೊಂದಿಗೆ ಮದರಾಸಿಗೆ ದಾಟಿಸಿದ. ಅಲ್ಲಿನ ಗವರ್ನರ್ ಎಡ್ವರ್ಡ್ ಕ್ಲೈವ್. ಅವನ ಮೇಲೆ, ಕಲ್ಕತ್ತೆಯಲ್ಲಿ, ಗವರ್ನರ್ ಜನರಲ್ ಆಗಿದ್ದವನು ಆರ್ಥರನ ಸ್ವಂತ ಅಣ್ಣ ರಿಚರ್ಡ್. ಒಪ್ಪಿಗೆ ಬಂತು.

ಮೇಲಿನವರ ಮುಂದೆ ವಿಷಯ ಇಡುವುದಕ್ಕೆ ಕನ್ನಡದಲ್ಲಿ ಹಳೆಯ ಮಾತು ಬಿನ್ನಪ. ಸಂಸ್ಕೃತದ ವಿಜ್ಞಾಪನದಿಂದ ಬಂದದ್ದು, ‘ತಿಳಿಸುವುದು’ ಎಂದರ್ಥ. ಅರಿಕೆ ಎಂಬುದರಲ್ಲೂ ಅರಿವೇ ಇದೆ, ಮನವರಿಕೆಯಲ್ಲೂ ಇದೆ. ತಿಳಿದರೆ ಒಪ್ಪುತ್ತಾರೆ ಎಂದು ಈ ಪದಗಳು ನಂಬಿದಂತಿದೆ. ನಡೆದದ್ದು ಹಾಗಲ್ಲ. ಕ್ಲೈವ್ ಗೋಳೀಯ ತ್ರಿಕೋನಮಿತಿ ಪರೀಕ್ಷಿಸಿ ಸಹಿ ಹಾಕಲಿಲ್ಲ. ವೆಲ್ಲೆಸ್ಲಿಗೂ ಆ ಲೆಕ್ಕ ಪೂರ್ತಿ ದಕ್ಕಿತ್ತೆಂದು ನನಗೆ ಅನ್ನಿಸುವುದಿಲ್ಲ. ಅವನಿಗೆ ದಕ್ಕಿದ್ದು ಮನುಷ್ಯ. ಹಾಗಾಗಿ ಇಲ್ಲಿ ಹೆಚ್ಚು ಒಪ್ಪುವುದು ನಾವು ಬೈಗುಳವಾಗಿ ಬಳಸುವ ಮಾತು: ಮುಖ ನೋಡಿ ಮಣೆ ಹಾಕಿದರು.

ಬೈಗುಳದ ಅರ್ಧ ಇಲ್ಲಿ ಸಲ್ಲುತ್ತದೆ ಎನ್ನಿ. ಅಣ್ಣ ಗವರ್ನರ್ ಜನರಲ್, ತಮ್ಮ ತನ್ನ ರೆಜಿಮೆಂಟಿನ ಕರ್ನಲ್. ಇಷ್ಟೇ ಬುದ್ಧಿಯಿದ್ದೂ ಬೇರೆ ರೆಜಿಮೆಂಟಿನಲ್ಲಿದ್ದವನ ಕಾಗದ ಯಾವುದೋ ಕಪಾಟಿನಲ್ಲಿ ಗೆದ್ದಲು ತಿಂದಿರಬಹುದು. ಆದರೆ ನೋಡಿದ ಮುಖ ಎಂಥದ್ದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ. ಜನರಲ್ ಗದರಿದರೂ ನಕ್ಷತ್ರ ಹೇಳಿದ್ದನ್ನೇ ಹೇಳಿದ ಮುಖ ಅದು. ತನಗೆ ಅರ್ಥವಾಗದ ಲೆಕ್ಕವನ್ನು ಒಪ್ಪಬೇಕಾದವನಿಗೆ ಅದಕ್ಕಿಂತ ಬೇರೆ ಯಾವ ಆಧಾರ ಸಿಕ್ಕೀತು?

ಸಲಕರಣೆಗಳ ಕತೆಯೂ ಹೀಗೇ, ಮನುಷ್ಯರಿಂದ ಮನುಷ್ಯರಿಗೆ ದಾಟಿದ್ದು. ಆ ಉಕ್ಕಿನ ಸರಪಳಿ ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ 1793ರಲ್ಲಿ ಚೀನಾದ ಚಕ್ರವರ್ತಿಗೆ ಒಯ್ದ ಕಾಣಿಕೆಗಳಲ್ಲಿತ್ತು. ಅಲ್ಲಿ ಬೇಡವಾಗಿ, ರಾಯಭಾರದಲ್ಲಿದ್ದ ಡಿನ್‌ವಿಡ್ಡಿ ಎಂಬ ವಿಜ್ಞಾನದ ಮೇಷ್ಟ್ರ ಜೊತೆ ಕಲ್ಕತ್ತೆಗೆ ಬಂದಿತ್ತು. ಮದರಾಸಿನವರು ಅವನಿಂದ ಕೊಂಡರು. ಇಂಗ್ಲೆಂಡಿನಿಂದ ಬರುತ್ತಿದ್ದ ಅರ್ಧ ಟನ್ ತೂಕದ ಥಿಯೋಡೊಲೈಟ್, ಅಂದರೆ ಕೋನ ಅಳೆಯುವ ಯಂತ್ರ, ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ಸೇರಿತ್ತು. ವಿಜ್ಞಾನದ ಯಂತ್ರವೆಂದು ತಿಳಿದ ಮೇಲೆ ಶತ್ರುಗಳೇ ಅದನ್ನು ಮದರಾಸಿಗೆ ಕಳಿಸಿಕೊಟ್ಟರು.

ಲೆಕ್ಕ ಎಷ್ಟು ಬಿಗಿಯಾಗಿತ್ತೆಂಬುದು ಬೆಂಗಳೂರಿನಲ್ಲಿ ಗೊತ್ತಾಯಿತು. 1804ರಲ್ಲಿ ಅಲ್ಲಿ ಇನ್ನೊಂದು ಗೆರೆಯನ್ನು ಸರಪಳಿ ಹಾಸಿ ಅಳೆದರು. ಮದರಾಸಿನಿಂದ ತ್ರಿಕೋನ ಹಿಡಿದು ಬಂದ ಲೆಕ್ಕಕ್ಕೂ ನೆಲದ ಮೇಲಿನ ಅಳತೆಗೂ, ಏಳು ಮೈಲಿಗೆ, ನಾಲ್ಕು ಇಂಚಿನಷ್ಟೂ ವ್ಯತ್ಯಾಸವಿರಲಿಲ್ಲ. ಮದರಾಸಿನಿಂದ ಮಂಗಳೂರಿಗೆ ಹಳೆಯ ನಕ್ಷೆಗಳಲ್ಲಿ ಸುಮಾರು 400 ಮೈಲಿ. ಲ್ಯಾಂಬ್ಟನ್ ಅಳೆದಾಗ 360. ಆ ನಲವತ್ತು ಮೈಲಿ ಕಾಗದದ ಮೇಲೆ ಮಾತ್ರ ಇತ್ತು.

ಕನ್ನಡದಲ್ಲಿ ಇದನ್ನು ಬರೆಯುವಾಗ ಒಂದು ಮುಜುಗರ ಬಿಡುವುದಿಲ್ಲ. ಲ್ಯಾಂಬ್ಟನ್ನನ ಯೋಗ್ಯತೆಗೆ ಸಾಕ್ಷಿಯಾದ ಆ ರಾತ್ರಿ, ಮೈಸೂರನ್ನು ಮುರಿಯಲು ಬಂದ ಸೈನ್ಯದ ರಾತ್ರಿ. ಅವನು ಅಳೆಯಹೊರಟಾಗ ಸಿಂಹಾಸನದ ಮೇಲಿದ್ದದ್ದು ಕಂಪನಿ ಕೂರಿಸಿದ್ದ ಪುಟ್ಟ ಮಗು. ಪಟ್ಟ ಕಟ್ಟುವಾಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇನ್ನೂ ಐದು ತುಂಬಿರಲಿಲ್ಲ. ಮೇಲಿನವರಿಗೆ ಬಿನ್ನಪ ಹೋಯಿತು. ಯಾರ ಗುಡ್ಡಗಳ ಮೇಲೆ ಬಾವುಟ ನೆಟ್ಟರೋ ಅವರ ಮುಖ ನೋಡುವ ಅಗತ್ಯ ಬೀಳಲಿಲ್ಲ. 1808ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಗೋಪುರಕ್ಕೆ ಆ ಥಿಯೋಡೊಲೈಟನ್ನು ಎಳೆಯುವಾಗ ಹಗ್ಗ ಕಿತ್ತು, ಯಂತ್ರ ಗೋಡೆಗೆ ಬಡಿದು ಅದರ ಹಿತ್ತಾಳೆಯ ಚಕ್ರ ಸೊಟ್ಟಗಾಯಿತು. ಚಕ್ರದ ಕತೆ ಎಲ್ಲ ಪುಸ್ತಕಗಳಲ್ಲೂ ಇದೆ. ಹಗ್ಗ ಹಿಡಿದಿದ್ದವರು ಯಾರು, ಯಾವ ಊರಿನವರು ಎಂಬುದು ನಾನು ಓದಿದ ಯಾವುದರಲ್ಲೂ ಇಲ್ಲ.

ಲ್ಯಾಂಬ್ಟನ್ ಡೇರೆಯೊಳಗೆ ಸೇರಿಕೊಂಡು ಆರು ವಾರ ಕೂತು ಚಕ್ರವನ್ನು ಎಳೆದೆಳೆದು ಮತ್ತೆ ದುಂಡಗೆ ಮಾಡಿದ.

ಅಷ್ಟು ಹೊತ್ತಿಗೆ ವೆಲ್ಲೆಸ್ಲಿ ಸಹೋದರರು ಭಾರತ ಬಿಟ್ಟಾಗಿತ್ತು. ಖರ್ಚು ಕೇಳುವವರು ಉಳಿದಿದ್ದರು. ತ್ರಿಕೋನಗಳ ಬೆಲೆ ಮದರಾಸಿನ ಕಚೇರಿಗಿಂತ ಚೆನ್ನಾಗಿ ಪ್ಯಾರಿಸ್ಸಿನಲ್ಲಿ ಗೊತ್ತಾದಂತಿತ್ತು: ಫ್ರೆಂಚ್ ವಿಜ್ಞಾನ ಅಕಾಡೆಮಿ 1817ರಲ್ಲಿ ಅವನನ್ನು ಸದಸ್ಯನಾಗಿ ಆರಿಸಿಕೊಂಡಿತು. 1818ರಲ್ಲಿ ಮೋಜಣಿ ಮದರಾಸಿನ ಕೈಬಿಟ್ಟು ಗವರ್ನರ್ ಜನರಲ್ಲನ ಕೈಕೆಳಗೆ ಬಂತು. ಜಾರ್ಜ್ ಎವರೆಸ್ಟ್ ಎಂಬ ಯುವಕ ಸಹಾಯಕನಾಗಿ ಸೇರಿದ. ಹೈದರಾಬಾದಿನಿಂದ ನಾಗಪುರದ ಕಡೆ ಹೊರಟಿದ್ದ ಲ್ಯಾಂಬ್ಟನ್ 1823ರ ಜನವರಿ 20ರಂದು ದಾರಿಯಲ್ಲಿ, ವಾರ್ಧಾ ಸೀಮೆಯ ಹಿಂಗಣಘಾಟಿನಲ್ಲಿ ತೀರಿಕೊಂಡ. ಗೋರಿ ಅಲ್ಲೇ ಇದೆ.