ಕೇಣಿಚಿರದ ಸುತ್ತಣ ನಾಟಾ ಹರಾಜು

ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿ ತಾಲೂಕಿನಲ್ಲಿ, ಬೀನಾಚಿಯಿಂದ ಪನಮರಕ್ಕೆ ಹೋಗುವ ರಸ್ತೆಯ ಮೇಲಿರುವ ಕೇಣಿಚಿರವು ಪೂತಾಡಿ ಪಂಚಾಯಿತಿಗೆ ಸೇರಿದ ಒಂದು ಸಣ್ಣ ಪೇಟೆ. ಸುತ್ತಲಿನ ದಿಣ್ಣೆಗಳಲ್ಲಿ ಕಾಫಿ ಮತ್ತು ಮೆಣಸು, ತಗ್ಗಿನಲ್ಲಿ ಗದ್ದೆ, ತೋಟಗಳ ನಡುವೆ ಅಲ್ಲಲ್ಲಿ ಕಾಡಿನ ಕಾಲದಿಂದ ಉಳಿದುಬಂದ ಬೀಟೆ, ಹಲಸು, ಹೊನ್ನೆ ಮರಗಳು ಕಾಣುತ್ತವೆ. ಹತ್ತಿರದ ಸರ್ಕಾರಿ ನಾಟಾ ಸಂಗ್ರಹಾಲಯ ಅಥವಾ ಡಿಪೊ, ಅಂದರೆ ಕಡಿದ ಮರದ ದಿಮ್ಮಿಗಳನ್ನು ಅಳೆದು, ಅಂಕಿ ಹಾಕಿ, ಮಾರಾಟಕ್ಕೆ ಪೇರಿಸಿಡುವ ಅಂಗಳ, ಬತ್ತೇರಿಯ ಪಕ್ಕದ ಕುಪ್ಪಾಡಿಯಲ್ಲಿದೆ. ಮತ್ತೊಂದು ಕಬಿನಿಯ ಆಚೆ, ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಬಾವಲಿಯಲ್ಲಿದೆ. ಠೇವಣಿ ಕಟ್ಟಿದ ಯಾರು ಬೇಕಾದರೂ ಸವಾಲು ಕೂಗಬಹುದಾದ ತೆರೆದ ಮಾರುಕಟ್ಟೆಯೆಂದು ಹರಾಜಿಗೆ ಹೆಸರಿದೆ. ಆದರೆ ಈ ಸೀಮೆಯಲ್ಲಿ ಅದು ಬೆಳೆದುಬಂದ ಬಗೆಯನ್ನು ನೋಡಿದರೆ, ಹಡಗುಕಟ್ಟೆ, ರೈಲ್ವೆ ಮತ್ತು ಕರಾವಳಿಯ ಕಲ್ಲಾಯಿಯ ಮರದ ವರ್ತಕರಂಥ ದೊಡ್ಡ ಕೊಳ್ಳುಗರ ಅಳತೆಗೆ ಹೊಲಿದ ಅಂಗಿಯಾಗಿಯೇ ಅದು ಮೊದಲಿನಿಂದ ಇದ್ದಿತೆಂದೂ, ಒಂದೆರಡು ದಿಮ್ಮಿ ಸಾಕೆನ್ನುವ ಬಡಗಿ, ಮನೆ ಕಟ್ಟುವ ಗೃಹಸ್ಥ ಮತ್ತು ಇತ್ತೀಚಿನ ಹವ್ಯಾಸಿ ಮರಗೆಲಸಗಾರ ಯಾವಾಗಲೂ ಬೇರೊಂದು ಬಾಗಿಲಿನಿಂದಲೇ ಮರವನ್ನು ಪಡೆಯಬೇಕಾಯಿತೆಂದೂ ತಿಳಿಯುತ್ತದೆ.

ಈ ಭಾಗದ ಹಳೆಯ ಜೀವನದಲ್ಲಿ ಮರಕ್ಕೆ ಬಳಕೆಯಿತ್ತೇ ಹೊರತು ಪೇಟೆಯ ಬೆಲೆ ಇದ್ದದ್ದು ಕಡಿಮೆ. ಪುಲ್ಪಳ್ಳಿಯ ಬಳಿಯ ಪಾಕ್ಕಂನಲ್ಲಿ ಇಂದಿಗೂ ಇರುವಂಥ ಕೇಣಿಗಳು ಇದಕ್ಕೆ ಒಳ್ಳೆಯ ಉದಾಹರಣೆ: ಬೈನೆ ಮರದ ದಪ್ಪ ಬುಡವನ್ನು ನೀರಿನಲ್ಲಿ ಬಹುಕಾಲ ನೆನೆಹಾಕಿ, ಒಳತಿರುಳು ಕೊಳೆತ ಮೇಲೆ ಉಳಿಯುವ ಗಟ್ಟಿ ಸುತ್ತನ್ನು ಒರತೆಯ ಮೇಲೆ ಇಳಿಸಿ ಮಾಡಿದ ಸಣ್ಣ ಬಾವಿಗಳವು, ಮುಳ್ಳು ಕುರುಮ ಬುಡಕಟ್ಟಿನ ಊರುಗಳಿಗೆ ಅವೇ ಕುಡಿಯುವ ನೀರಿನ ಆಧಾರವಾಗಿದ್ದವು. ಕೇಣಿಚಿರಕ್ಕೆ ಸಮೀಪದ ನಡವಯಲ್ ರಸ್ತೆಯಲ್ಲಿ ಜನಾರ್ದನ ಗುಡಿ, ವಿಷ್ಣು ಗುಡಿ ಎಂಬ ಎರಡು ಶಿಲಾ ದೇವಾಲಯಗಳಿದ್ದು, ಹೆಸರಿನಲ್ಲೇ ಕನ್ನಡದ ನೆನಪನ್ನು ಉಳಿಸಿಕೊಂಡಿರುವ ಅವು ಮತ್ತು ಪನಮರ, ಬತ್ತೇರಿಗಳ ಜೈನ ಬಸದಿಗಳು ಘಟ್ಟದ ಮೇಲಿನ ಈ ನಾಡು ಮೈಸೂರು ಸೀಮೆಯೊಡನೆ ಇಟ್ಟುಕೊಂಡಿದ್ದ ವ್ಯಾಪಾರ ಸಂಬಂಧವನ್ನು ಸೂಚಿಸುತ್ತವೆ. ಕಲ್ಲು ಉಳಿಯಿತು; ಅದೇ ಕಾಲದ ಮರದ ಕೆಲಸವನ್ನು ಈ ಮಳೆ ಮತ್ತು ಗೆದ್ದಲು ಉಳಿಸಲಿಲ್ಲ.

ಮಲಬಾರಿನಲ್ಲಿ ಮರಕ್ಕೆ ಬೆಲೆ ಕಟ್ಟುವ ಹಳೆಯ ಪದ್ಧತಿ ಹರಾಜಲ್ಲ, ಕುಟ್ಟಿಕ್ಕಾಣ. ಕಡಿದ ಪ್ರತಿಯೊಂದು ಮರದ ಬುಡವನ್ನು ಎಣಿಸಿ, ಬುಡವೊಂದಕ್ಕೆ ಇಷ್ಟೆಂದು ಭೂಮಿಯ ಒಡೆಯನಾದ ಜನ್ಮಿಗೆ ಸಲ್ಲಿಸುತ್ತಿದ್ದ ಶುಲ್ಕಕ್ಕೆ ಈ ಹೆಸರು. ಮರದ ದಪ್ಪ, ಉದ್ದ, ತಿರುಳಿನ ಗುಣಗಳಿಗೆ ಈ ಎಣಿಕೆಯಲ್ಲಿ ಹೆಚ್ಚು ಸ್ಥಾನವಿರಲಿಲ್ಲವಾದ್ದರಿಂದ, ಗುತ್ತಿಗೆದಾರನು ಒಳ್ಳೆಯ ಮರವನ್ನೇ ಆರಿಸಿ ಕಡಿಯುವುದು ಸಹಜವಾಗಿತ್ತು. ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಪಳಶ್ಶಿ ರಾಜನು 1805ರ ನವೆಂಬರ್‌ನಲ್ಲಿ ಮಡಿದು ವಯನಾಡು ಈಸ್ಟ್ ಇಂಡಿಯಾ ಕಂಪನಿಯ ಹಿಡಿತಕ್ಕೆ ಬಂದ ಮರುವರ್ಷವೇ, ಅಂದರೆ 1806ರಲ್ಲಿ, ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಲಾಯಿತು. ಭಾರತದಲ್ಲಿ ಆ ಹುದ್ದೆಗೆ ಬಂದ ಮೊದಲಿಗ ಅವನೇ. ಅವನ ಕೆಲಸ ಸಂರಕ್ಷಣೆಗಿಂತ ಸರಬರಾಜಿನದಾಗಿತ್ತು. ಇಂಗ್ಲೆಂಡಿನ ಓಕ್ ಸಾಲದೆ ಬಂದಿದ್ದ ಕಾಲದಲ್ಲಿ ಮುಂಬಯಿಯ ಹಡಗುಕಟ್ಟೆಗೆ ಮಲಬಾರಿನ ತೇಗ ಬೇಕಾಗಿತ್ತು. 1817ರಲ್ಲಿ ಅಲ್ಲಿ ನೀರಿಗಿಳಿದ ಟ್ರಿಂಕೊಮಲಿ ಎಂಬ ಯುದ್ಧನೌಕೆ ಈ ಕರಾವಳಿಯ ತೇಗದಿಂದಲೇ ಕಟ್ಟಿದ್ದು, ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ. ತೇಗವು ಸರ್ಕಾರದ ಸ್ವತ್ತೆಂದು ಸಾರಿ ಖಾಸಗಿ ಕಡಿತವನ್ನು ನಿಲ್ಲಿಸಿದ ಈ ಏಕಸ್ವಾಮ್ಯಕ್ಕೆ ಜನ್ಮಿಗಳಿಂದಲೂ ವರ್ತಕರಿಂದಲೂ ವಿರೋಧ ಹೆಚ್ಚಿ, ಮದರಾಸಿನ ಗವರ್ನರ್ ಥಾಮಸ್ ಮನ್ರೋನ ಕಾಲದಲ್ಲಿ ಅದು ರದ್ದಾಯಿತು. ಏಕಸ್ವಾಮ್ಯ ಹೋದರೂ, ನಿಂತ ಮರದ ಮೇಲೆ ನೆಲದೊಡೆಯನಿಗಿಂತ ಸರ್ಕಾರಕ್ಕೆ ಮೊದಲ ಹಕ್ಕೆಂಬ ಆಲೋಚನೆ ಹೋಗಲಿಲ್ಲ. ಕೇಣಿಚಿರದ ಕಾಫಿ ಬೆಳೆಗಾರನನ್ನು ಅದು ಎರಡು ಶತಮಾನಗಳ ಮೇಲೂ ಕಾಡುತ್ತಿದೆ.

ಘಟ್ಟದ ಕೆಳಗಿನ ನಿಲಂಬೂರಿನಲ್ಲಿ ಮಲಬಾರಿನ ಕಲೆಕ್ಟರ್ ಕಾನೊಲಿ 1840ರ ದಶಕದಲ್ಲಿ, ಚಾತ್ತು ಮೇನೋನ್ ಅವರ ಉಸ್ತುವಾರಿಯಲ್ಲಿ, ತೇಗದ ನೆಡುತೋಪುಗಳನ್ನು ಬೆಳೆಸಲು ತೊಡಗಿದ ಮೇಲೆ ಮರವು ಬೆಳೆಯಂತೆ ಲೆಕ್ಕಕ್ಕೆ ಸಿಗುವ ವಸ್ತುವಾಯಿತು. 1861ರಲ್ಲಿ ತಿರೂರಿನಿಂದ ಬೇಪೂರಿಗೆ ರೈಲು ಓಡಿತು. ಹಳಿಯ ಕೆಳಗೆ ಹಾಸುವ ಸ್ಲೀಪರುಗಳಿಗೆ ಗಟ್ಟಿ ಮರ ಬೇಕಾಯಿತು. 1882ರ ಮದರಾಸು ಅರಣ್ಯ ಕಾಯಿದೆ ಕಾಯ್ದಿಟ್ಟ ಅರಣ್ಯಗಳ ಗಡಿ ಗುರುತಿಸಲು ದಾರಿ ಮಾಡಿತು. ಡಿಪೊದಲ್ಲಿ ದಿಮ್ಮಿಗಳನ್ನು ದರ್ಜೆವಾರು ಜೋಡಿಸಿ, ಹಲವು ದಿಮ್ಮಿಗಳ ಒಂದೊಂದು ರಾಶಿಯನ್ನು ಲಾಟು ಎಂದು ಕರೆದು, ಇಡೀ ಲಾಟನ್ನೇ ಕೂಗಿ ಮಾರುವ ಪದ್ಧತಿ ಈ ಹಿನ್ನೆಲೆಯಲ್ಲಿ ಬೇರೂರಿತು.

ಮೈಸೂರು ಸಂಸ್ಥಾನದ ದಾರಿ ಇದಕ್ಕಿಂತ ತುಸು ಬೇರೆ. ಅಲ್ಲಿ ಗಂಧದ ಮರವನ್ನು ಟಿಪ್ಪು ಸುಲ್ತಾನನು 1792ರಲ್ಲಿ ರಾಜವೃಕ್ಷವೆಂದು ಸಾರಿದ್ದನು. 1864ರಲ್ಲಿ ಅರಣ್ಯ ಇಲಾಖೆ ಹುಟ್ಟಿದ ಮೇಲೆ ಅದು ಆ ಹಕ್ಕನ್ನು ಮುಂದುವರಿಸಿ, ಶಿವಮೊಗ್ಗ, ಹುಣಸೂರು ಮೊದಲಾದೆಡೆ ಗಂಧದ ಕೋಠಿಗಳನ್ನು, ಅಂದರೆ ತುಂಡುಗಳನ್ನು ಕೆತ್ತಿ ದರ್ಜೆ ಮಾಡಿ ಕಾಯ್ದಿಡುವ ಉಗ್ರಾಣಗಳನ್ನು, ಕಟ್ಟಿ ಹರಾಜು ನಡೆಸುತ್ತಿತ್ತು. ಆ ಸವಾಲಿನಲ್ಲಿ ಗೆದ್ದ ಗಂಧದ ದೊಡ್ಡ ಪಾಲು ಎಣ್ಣೆ ತೆಗೆಯಲು ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಹೋಗುತ್ತಿತ್ತು. 1914ರ ಯುದ್ಧ ಆ ದಾರಿಯನ್ನು ಮುಚ್ಚಿದಾಗ ಕೂಗುವವರಿಲ್ಲದೆ ಕೋಠಿಗಳು ತುಂಬಿದವು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಸರ್ಕಾರವೇ ಗಂಧದೆಣ್ಣೆ ಕಾರ್ಖಾನೆ ತೆರೆಯಿತು. ಕೊಳ್ಳುವವರು ಕೆಲವೇ ಮಂದಿಯಾಗಿದ್ದು ಅವರೂ ದೂರದವರಾಗಿದ್ದರೆ ಹರಾಜು ಎಷ್ಟು ದುರ್ಬಲವಾದ ವ್ಯವಸ್ಥೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಹರಾಜಿನ ಒಳಗುಟ್ಟು ಇರುವುದು ಕೂಗಿನಲ್ಲಲ್ಲ, ಅಳತೆಯಲ್ಲಿ. ಕಲ್ಲಾಯಿ ಹೊಳೆಯ ದಡದ ಹಳೆಯ ವರ್ತಕರು ಕೋಲು ಮತ್ತು ವಿರಲು, ಅಂದರೆ ಬೆರಳು, ಎಂಬ ಮಾನಗಳಲ್ಲಿ ದಿಮ್ಮಿಯನ್ನು ಅಳೆಯುತ್ತಿದ್ದರು. ಕೋಲೊಂದಕ್ಕೆ 24 ವಿರಲು. ಬ್ರಿಟಿಷರು ತಂದದ್ದು ಕಾಲುಸುತ್ತಳತೆಯ ಸೂತ್ರ. ಎಡ್ವರ್ಡ್ ಹಾಪಸ್ ಎಂಬ ಇಂಗ್ಲಿಷ್ ಲೆಕ್ಕಿಗನು 1736ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಹೆಸರಾದ ಈ ಸೂತ್ರದಲ್ಲಿ, ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿದರೆ ಘನ ಅಳತೆ ಸಿಗುತ್ತದೆ. ನಾಲ್ಕು ಅಡಿ ಸುತ್ತಳತೆಯ, ಹತ್ತು ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿಯಾಗುತ್ತದೆ. ಅದೇ ದಿಮ್ಮಿಯನ್ನು ನಿಜವಾದ ಉರುಳೆಯೆಂದು ಭಾವಿಸಿದರೆ ಅದರಲ್ಲಿರುವುದು ಸುಮಾರು 12.7 ಘನ ಅಡಿ. ಕಾಗದದ ಮೇಲೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಮರ ಲೆಕ್ಕಕ್ಕೆ ಬಾರದೆ ಹೋಗುತ್ತದೆಯೆಂದು ಇದರರ್ಥ. ಇದು ಸರ್ಕಾರದ ಔದಾರ್ಯವಲ್ಲ: ದುಂಡು ದಿಮ್ಮಿಯನ್ನು ಚೌಕ ಮಾಡುವಾಗ ಹೋಗುವ ಹೊರಪಟ್ಟಿ ಮತ್ತು ಗರಗಸದ ಪುಡಿಯನ್ನು ಮೊದಲೇ ಕಳೆದಿಡುವ ಉಪಾಯ. ಆದರೆ ಆ ಹೊರಪಟ್ಟಿಯನ್ನೂ ಕಾಸಾಗಿಸುವ ಸಾಮರ್ಥ್ಯ ಸಾಮಿಲ್ಲು ಇರುವ ವರ್ತಕನಿಗಿತ್ತು. ಒಂಟಿ ಬಡಗಿಗೆ ಅದು ಒಲೆಯ ಸೌದೆಯಷ್ಟೆ.

ಉಳಿದ ಕ್ರಮವೂ ದೊಡ್ಡ ಕೈಗಳಿಗೇ ಅನುಕೂಲವಾಗಿ ಬೆಳೆಯಿತು. ಕೂಗುವ ಮೊದಲು ಠೇವಣಿ ಕಟ್ಟಬೇಕು. ಗೆದ್ದ ಬೆಲೆಯನ್ನು ಮೇಲಧಿಕಾರಿ ಮಂಜೂರು ಮಾಡುವವರೆಗೆ ಕಾಯಬೇಕು. ಗೊತ್ತಾದ ದಿನಗಳೊಳಗೆ ಪೂರ್ತಿ ಹಣ ತುಂಬಬೇಕು. ಗಡುವು ಮೀರಿ ದಿಮ್ಮಿ ಅಂಗಳದಲ್ಲೇ ಬಿದ್ದಿದ್ದರೆ ನೆಲಬಾಡಿಗೆ ತೆರಬೇಕು. ದಿಮ್ಮಿಯ ಕೊನೆಗೆ ಸುತ್ತಿಗೆಯಿಂದ ಹೊಡೆದ ಇಲಾಖೆಯ ಮುದ್ರೆ ಮತ್ತು ಜೊತೆಗೆ ಒಯ್ಯಬೇಕಾದ ರಹದಾರಿ ಇಲ್ಲದೆ ಅದು ಗೇಟು ದಾಟುವಂತಿಲ್ಲ. ಅಂಗಳದೊಳಗೆ ದಿಮ್ಮಿ ಸರಿಸುತ್ತಿದ್ದ ಆನೆಗಳನ್ನು ಪಳಗಿಸಲೆಂದೇ ಮುತ್ತಂಗದಲ್ಲಿ ಆನೆ ಶಿಬಿರವಿತ್ತು. ಮೈಸೂರು ಮತ್ತು ನೀಲಗಿರಿ ಕಡೆಯ ಇಂಥ ಶಿಬಿರಗಳಲ್ಲಿ ಮಾವುತ, ಕಾವಾಡಿಗಳಾಗಿ ಬೆಟ್ಟ ಕುರುಬರು, ಜೇನು ಕುರುಬರು ದುಡಿದರು. ಗಡಿಯ ಎರಡೂ ಕಡೆ ಕನ್ನಡದ ನುಡಿಗಳನ್ನಾಡುವ ಈ ಜನರ ಶ್ರಮವಿಲ್ಲದೆ ಈ ಕಾಡುಗಳ ತೇಗ ಬಯಲಿಗೆ ಬರುತ್ತಿರಲಿಲ್ಲವಾದರೂ, ಸವಾಲು ಕೂಗುವವರ ಸಾಲಿನಲ್ಲಿ ಅವರು ನಿಲ್ಲುವ ಪರಿಸ್ಥಿತಿ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಕೇಣಿಚಿರದ ಸೀಮೆಯ ರೂಪವೇ ಬದಲಾಯಿತು. ಎರಡನೆಯ ಮಹಾಯುದ್ಧದ ಮಾಜಿ ಸೈನಿಕರಿಗಾಗಿ ಮದರಾಸು ಸರ್ಕಾರ ವಯನಾಡು ವಸಾಹತು ಯೋಜನೆಯನ್ನು ರೂಪಿಸಿ ಅಂಬಲವಯಲ್, ನೆನ್ಮೇನಿ ಭಾಗಗಳಲ್ಲಿ ಕಾಡು ತೆರವು ಮಾಡಿಸಿತು. ಅದೇ ಹೊತ್ತಿನಲ್ಲಿ ತಿರುವಾಂಕೂರಿನ ರೈತರು ಪುಲ್ಪಳ್ಳಿ, ನಡವಯಲ್ ದಿಕ್ಕಿಗೆ ವಲಸೆ ಬಂದರು. ಅವರ ಕೈಗೆ ಬಂದ ಭೂಮಿಯಲ್ಲಿ ಮರವು ಬೆಳೆಗೆ ಅಡ್ಡಿಯಾಗಿದ್ದುದರಿಂದ, ಇಂದು ಅಳೆದು ಮಾರುವ ಜಾತಿಗಳು ಅಂದು ಬೆಂಕಿಗೆ ಬಿದ್ದವು. ಜನ್ಮಿಗಳು ಆತುರದಿಂದ ಮರ ಮಾರುವುದನ್ನು ತಡೆಯಲು 1949ರ ಮದರಾಸು ಖಾಸಗಿ ಅರಣ್ಯ ಸಂರಕ್ಷಣಾ ಕಾಯಿದೆ ಬಂದಿತು. ಕೊನೆಗೆ 1971ರಲ್ಲಿ ಕೇರಳವು ಖಾಸಗಿ ಅರಣ್ಯಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು.

ಹರಾಜು ಸಣ್ಣವನಿಗೆ ಕಠಿಣವೆಂದು ಹೇಳುವಾಗ, ಹರಾಜೇ ಇಲ್ಲದ ಕಡೆ ಏನಾಯಿತೆಂಬುದನ್ನೂ ನೋಡಬೇಕು. ಮಾವೂರಿನ ಗ್ವಾಲಿಯರ್ ರೇಯಾನ್ಸ್ ಕಾರ್ಖಾನೆಗೆ ಕೇರಳ ಸರ್ಕಾರ ಟನ್ನಿಗೆ ಒಂದು ರೂಪಾಯಿಯಂತೆ ಬಿದಿರು ಕೊಡುವ ಒಪ್ಪಂದ ಮಾಡಿಕೊಂಡಿತ್ತು; ದಾಂಡೇಲಿಯ ಕಾಗದದ ಕಾರ್ಖಾನೆಗೆ ಕರ್ನಾಟಕದ ಕಾಡಿನ ಬಿದಿರು ಟನ್ನಿಗೆ ಒಂದೂವರೆ ರೂಪಾಯಿಗೆ ಹೋದದ್ದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಬುಟ್ಟಿ ಹೆಣೆಯುವ ಮೇದರು ಅದೇ ಬಿದಿರಿಗೆ ಸಾವಿರಗಳ ಲೆಕ್ಕದಲ್ಲಿ ಪೇಟೆಯ ಬೆಲೆ ತೆರುತ್ತಿದ್ದರು. ಆ ರಿಯಾಯಿತಿಯ ಮುಂದೆ ಹರಾಜು ಎಷ್ಟೋ ಮೇಲು. ಕನಿಷ್ಠ ಪಕ್ಷ ಬೆಲೆಯೆಂಬುದು ಹತ್ತು ಜನರ ಕಿವಿಗೆ ಬೀಳುತ್ತದೆ.

ಕಾಡಿನ ಮರದ ವ್ಯಾಪಾರಕ್ಕೆ ದೊಡ್ಡ ತಡೆ ಬಂದದ್ದು ಇದೇ ಸೀಮೆಯ ಒಂದು ದಾವೆಯಿಂದ. 1877ರವರೆಗೆ ಮಲಬಾರಿನ ವಯನಾಡಿಗೆ ಸೇರಿದ್ದು, ಆಮೇಲೆ ನೀಲಗಿರಿ ಜಿಲ್ಲೆಗೆ ಹೋದ ಗೂಡಲೂರಿನಲ್ಲಿ ನಡೆಯುತ್ತಿದ್ದ ಮರ ಕಡಿತದ ವಿರುದ್ಧ ನಿಲಂಬೂರು ಕೋವಿಲಕದ, ಅಂದರೆ ಅಲ್ಲಿನ ಅರಸು ಮನೆತನದ, ಟಿ. ಎನ್. ಗೋದವರ್ಮನ್ ತಿರುಮುಲ್ಪಾಡ್ 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 12ರ ಆದೇಶವು ಮಂಜೂರಾದ ಕಾರ್ಯಯೋಜನೆಯಿಲ್ಲದೆ ದೇಶದ ಯಾವ ಅರಣ್ಯದಲ್ಲೂ ಮರ ಕಡಿಯಬಾರದೆಂದಿತು. ಸಾಮಿಲ್ಲುಗಳ ಪರವಾನಗಿಯೂ ನ್ಯಾಯಾಲಯದ ಕಣ್ಗಾವಲಿಗೆ ಬಂದಿತು. ಅಂದಿನಿಂದ ಡಿಪೊಗಳಿಗೆ ಬರುವ ತೇಗ ಬಹುಪಾಲು ನೆಡುತೋಪಿನದು. ಹಳೆಯ ತೋಪಿನ ಮರಕ್ಕೆ ಬೆಲೆ ಏರಿತು: ನಿಲಂಬೂರಿನಲ್ಲಿ 1909ರಲ್ಲಿ ನೆಟ್ಟ ಒಂದು ತೇಗ 2023ರ ಫೆಬ್ರವರಿಯಲ್ಲಿ ನೆಡುಂಕಯಂ ಡಿಪೊದಲ್ಲಿ 39.25 ಲಕ್ಷ ರೂಪಾಯಿಗೆ ಹೋಯಿತು.

ಬೀಟೆಯ ಕತೆ ಇನ್ನೂ ತೊಡಕಿನದು. 1964ರ ಭೂಮಂಜೂರಾತಿ ನಿಯಮಗಳ ಪ್ರಕಾರ ಪಟ್ಟೆ ಪಡೆದ ರೈತನ ನೆಲದಲ್ಲಿ ತೇಗ, ಬೀಟೆ, ಕರಿಮರ, ಗಂಧಗಳು ಸರ್ಕಾರಕ್ಕೆ ಕಾಯ್ದಿರಿಸಿದ ಮರಗಳು. ಬೆಳೆಗಾರ ಅವನ್ನು ನೆರಳಿಗೆ ಸಾಕಬಹುದು, ಮಾರುವಂತಿಲ್ಲ. 2020ರ ಅಕ್ಟೋಬರ್ 24ರಂದು ಕೇರಳದ ಕಂದಾಯ ಇಲಾಖೆ ಹೊರಡಿಸಿದ ಆದೇಶವೊಂದು ಗಂಧ ಬಿಟ್ಟು ಉಳಿದ ಮರಗಳನ್ನು ಇಂಥ ನೆಲದಲ್ಲಿ ಕಡಿಯಬಹುದೆಂಬ ಅರ್ಥಕ್ಕೆ ಎಡೆಕೊಟ್ಟಿತು. 2021ರ ಫೆಬ್ರವರಿ 2ರಂದು ಅದನ್ನು ಹಿಂತೆಗೆದುಕೊಳ್ಳುವಷ್ಟರಲ್ಲಿ ವಯನಾಡಿನ ಮುಟ್ಟಿಲ್ ಸೌತ್ ಗ್ರಾಮದಲ್ಲಿ ನೂರಕ್ಕೂ ಹೆಚ್ಚು ಬೀಟೆ ಮರಗಳು ಉರುಳಿದ್ದವು. ಇಲಾಖೆ ಜಪ್ತಿ ಮಾಡಿದ ಆ ದಿಮ್ಮಿಗಳು ಬಂದು ಸೇರಿದ್ದು ಕುಪ್ಪಾಡಿ ಡಿಪೊವನ್ನೇ. ಮರವನ್ನು ಸಾಕಿದವನಿಗೆ ಅದರಲ್ಲಿ ಪಾಲಿಲ್ಲವೆನ್ನುವ ಕಾನೂನು, ಕಡಿಯಲು ಸಿಕ್ಕ ಯಾವ ಸಂದನ್ನಾದರೂ ಬಳಸಿಕೊಳ್ಳುವ ಆಸೆಯನ್ನು ಹುಟ್ಟಿಸುತ್ತದೆಂಬ ಮಾತನ್ನು ಈ ಪ್ರಕರಣ ಗಟ್ಟಿಯಾಗಿ ಹೇಳುತ್ತದೆ. ಬೀಟೆ ಸೇರಿದ ಡಾಲ್‌ಬರ್ಜಿಯ ಕುಲವು 2017ರಿಂದ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿರುವುದರಿಂದ, ಅದರ ರಫ್ತಿಗೂ ಪ್ರತ್ಯೇಕ ಪರವಾನಗಿ ಬೇಕಾಗುತ್ತದೆ.

ಈಗ ಸವಾಲು ಕೂಗುವ ಗಂಟಲಿನ ಕೆಲಸ ಮುಗಿದಿದೆ. ಕೇಂದ್ರ ಸರ್ಕಾರದ ಎಂಎಸ್‌ಟಿಸಿ ಸಂಸ್ಥೆಯ ಜಾಲತಾಣದಲ್ಲಿ ಇ-ಹರಾಜು ನಡೆಯುತ್ತದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕುಳಿತ ಹವ್ಯಾಸಿಯೂ ನೋಂದಣಿ ಮಾಡಿಕೊಂಡು ಕುಪ್ಪಾಡಿಯ ಲಾಟಿಗೆ ಬೆಲೆ ಹೇಳಬಹುದು. ಆದರೆ ಅಮೆರಿಕ, ಬ್ರಿಟನ್ನುಗಳ ಹವ್ಯಾಸಿಗೆ ಕೊಯ್ದು ಒಣಗಿಸಿದ ಹಲಗೆಯ ಕಟ್ಟು ಸಿಗುವಂತೆ ಇಲ್ಲಿ ಸಿಗುವುದಿಲ್ಲ. ಸಿಗುವುದು ತೊಗಟೆಯ ಗುರುತು ಆರದ ದುಂಡು ದಿಮ್ಮಿ. ಅದನ್ನು ಲಾರಿಗೇರಿಸಿ, ರಹದಾರಿಯೊಡನೆ ರಾಜ್ಯದ ಗಡಿ ದಾಟಿಸಿ, ಪರವಾನಗಿಯ ಸಾಮಿಲ್ಲಿನಲ್ಲಿ ಕೊಯ್ಯಿಸಿ, ಪಟ್ಟಿಗಳ ನಡುವೆ ಗಾಳಿಯಾಡುವಂತೆ ಪೇರಿಸಿ, ಒಂದಂಗುಲ ದಪ್ಪಕ್ಕೆ ಹೆಚ್ಚುಕಡಿಮೆ ಒಂದು ವರ್ಷದಂತೆ ನೆರಳಿನಲ್ಲಿ ಆರಿಸಬೇಕು. ಒಳಗಿನ ಪೊಳ್ಳು, ಗಂಟು, ಸುರುಳಿ ಎಳೆಗಳ ಅಪಾಯವೆಲ್ಲ ಕೊಂಡವನದೇ. ಹತ್ತು ದಿಮ್ಮಿ ಕೊಂಡ ವರ್ತಕ ಒಂದು ಪೊಳ್ಳನ್ನು ಉಳಿದ ಒಂಬತ್ತರ ಮೇಲೆ ಹಂಚಿಕೊಳ್ಳುತ್ತಾನೆ. ಒಂದೇ ದಿಮ್ಮಿಯವನಿಗೆ ಆ ಸೌಕರ್ಯವಿಲ್ಲ.

ಸಣ್ಣ ಕೊಳ್ಳುಗನನ್ನು ಕೇರಳದ ಅರಣ್ಯ ಇಲಾಖೆ ಒಪ್ಪಿಕೊಂಡದ್ದು ತೇಗದ ಚಿಲ್ಲರೆ ಮಾರಾಟದ ಮೂಲಕ. ಮನೆ ಕಟ್ಟುವವರು ಸ್ಥಳೀಯ ಸಂಸ್ಥೆಯ ಪರವಾನಗಿ, ಮನೆಯ ನಕ್ಷೆ, ಗುರುತಿನ ದಾಖಲೆಗಳನ್ನು ತೋರಿಸಿದರೆ, ಹರಾಜಿನ ಹಂಗಿಲ್ಲದೆ 5 ಘನ ಮೀಟರಿನವರೆಗೆ ತೇಗವನ್ನು ಗೊತ್ತಾದ ಬೆಲೆಗೆ ಡಿಪೊದಿಂದ ಕೊಳ್ಳಬಹುದು. ಈ ಸೌಲಭ್ಯ ಇರುವುದು ಬಾಗಿಲು, ಕಿಟಕಿಗಳಿಗೆ. ಒಂದು ಮೇಜು, ತೊಟ್ಟಿಲು ಅಥವಾ ವೀಣೆಯ ಕೊಡಕ್ಕಾಗಿ ಮರ ಬೇಕೆನ್ನುವವನು ಯಾವ ನಕ್ಷೆಯನ್ನು ತೋರಿಸಬೇಕೆಂಬುದಕ್ಕೆ ನಿಯಮದಲ್ಲಿ ಜಾಗವಿಲ್ಲ. ಹಾಗಾಗಿ ಬತ್ತೇರಿ, ಗುಂಡ್ಲುಪೇಟೆ, ಹುಣಸೂರುಗಳಲ್ಲಿ ಅಂಥವನು ಹೋಗಿ ನಿಲ್ಲುವುದು ಲಾಟು ಗೆದ್ದ ಸಾಮಿಲ್ಲಿನವನ ಅಂಗಳದಲ್ಲಿ. ಡಿಪೊದಿಂದ ಘನ ಮೀಟರಿನಲ್ಲಿ ಬಂದ ದಿಮ್ಮಿ ಅಲ್ಲಿ ಸೈಜು ಹಲಗೆಯಾಗಿ, ಘನ ಮೀಟರಿಗೆ 35.3ರ ಲೆಕ್ಕದಲ್ಲಿ ಮತ್ತೆ ಘನ ಅಡಿಗೆ ತಿರುಗಿ, ಕೊಯ್ಲಿನ ಕೂಲಿ ಮತ್ತು ವರ್ತಕನ ಲಾಭ ಸೇರಿದ ದರದಲ್ಲಿ ಬಿಡಿಯಾಗಿ ಮಾರಾಟವಾಗುತ್ತದೆ.